ಗೀಟು ಬಿಟ್ಟ ನಾಲ್ಕು ಜಾಗ

ಆ ಪೆನ್ನಿನ ಕಾರ್ಖಾನೆಯಲ್ಲಿ ನೂರಾರು ಜನ ದುಡಿಯುತ್ತಿದ್ದರು. ಆದರೆ ದಿನವಿಡೀ ಪೆನ್ನು ಹಿಡಿದು ಹಾಳೆಯ ಮೇಲೆ ಕೈ ಆಡಿಸುತ್ತಿದ್ದವರು ಆರೇ ಆರು ಹೆಂಗಸರು. ಅವರೂ ಅಕ್ಷರ ಬರೆಯುತ್ತಿರಲಿಲ್ಲ, ಗೀಟು ಎಳೆಯುತ್ತಿದ್ದರು. ಜೋಡಣೆಯಾಗಿ ಬಂದ ಪೆನ್ನನ್ನು ಕೈಗೆತ್ತಿಕೊಂಡು, ಇಳಿಜಾರು ಮೇಜಿನ ಮೇಲಿನ ಹಾಳೆಯಲ್ಲಿ ಗೇಣುದ್ದ ಒಂದು ನೇರ ಗೀಟು, ಅದರ ಬಾಲಕ್ಕೆ ಒಂದು ಅಲೆ, ಮೂರು ಸುರುಳಿ, ಕೊನೆಗೊಂದು ಎಂಟು. ನಡುವೆ ಕೈ ಎತ್ತುವಂತಿಲ್ಲ. ಶಾಯಿ ಎಲ್ಲೂ ಬಿಟ್ಟುಹೋಗದೆ, ಗೀಟು ಕಡಿಯದೆ ಬಂದರೆ ಪೆನ್ನು ಟ್ರೇಗೆ. ಕೂದಲೆಳೆಯಷ್ಟು ಜಾಗ ಬಿಟ್ಟರೂ ಅದರ ಹಿಂತುದಿಗೆ ಒಂದು ಚುಕ್ಕೆ ಕೆಂಪು ಬಣ್ಣ, ಆಮೇಲೆ ಕಾಲ ಬಳಿಯ ತಗಡಿನ ಡಬ್ಬ. ಒಂದು ಹಾಳೆಗೆ ನಲವತ್ತು ಪೆನ್ನು. ಹಾಳೆ ತುಂಬಿದ ಮೇಲೆ ಕೆಳಗಡೆ ಆ ಕಂತಿನ ಪೆನ್ನುಗಳ ಲಾಟ್ ನಂಬರ್, ಎಳೆದವರ ನಂಬರ್. ಹಾಳೆಗಳನ್ನು ಒಂದು ವರ್ಷ ಕಪಾಟಿನಲ್ಲಿ ಜೋಡಿಸಿ ಇಡುತ್ತಿದ್ದರು.

ಮೂರನೇ ನಂಬರಿನವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕೊಕ್ಕೆ ಅಕ್ಕ ಎಂದು. ಸುಮ್ಮನೆ ಬಂದ ಹೆಸರಲ್ಲ ಅದು, ಇಪ್ಪತ್ತೆರಡು ವರ್ಷ ಎಲ್ಲದಕ್ಕೂ ಕೊಕ್ಕೆ ಹಾಕಿ ಸಂಪಾದಿಸಿದ್ದು. ಬೇರೆಯವರಿಗೆ ಗೀಟು ಕಂಡರೆ ಇವಳಿಗೆ ಗೀಟು ಇಲ್ಲದ ಜಾಗ ಕಾಣುತ್ತಿತ್ತು. ಸುರುಳಿ ಎಡಕ್ಕೆ ಹೊರಳುವಾಗ ಸಾಸಿವೆಯ ಅರ್ಧದಷ್ಟು ಶಾಯಿ ಬಿಟ್ಟಿದ್ದರೂ ಸಾಕು, ಕೈ ತಾನಾಗಿ ಕೆಂಪು ಬಣ್ಣದ ಕಡ್ಡಿಗೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ದಾಟಿ ಹೋದ ಕೆಟ್ಟ ಪೆನ್ನುಗಳು ಐದು. ಐದೂ ಯಾವ ಯಾವ ದಿನ, ಆವತ್ತು ತನಗೆ ಏನಾಗಿತ್ತು ಎಂಬುದು ಅವಳಿಗೆ ಬಾಯಿಪಾಠ. ಒಂದು ದಿನ ಜ್ವರ, ಒಂದು ದಿನ ಹಲ್ಲುನೋವು, ಇನ್ನು ಮೂರು ಅವಳ ತಾಯಿ ತೀರಿಕೊಂಡ ವಾರದ್ದು.

ಮೇಜಿನ ಮುಂದೆ ಇದ್ದ ಈ ಗುಣ ಮನೆಗೆ ಬಂದರೆ ಗುಣ ಅನ್ನಿಸಿಕೊಳ್ಳುತ್ತಿರಲಿಲ್ಲ. ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ಅವನು ಒಗೆದ ಬಟ್ಟೆ ಹರವಿದರೆ ಅಂಚು ಓರೆ, ಬಾಗಿಲು ಹಾಕಿದರೆ ಚಿಲಕ ಅರ್ಧ, ಮಾತಾಡಿದರೆ ಮಾತು ಅರ್ಧ. ಅವನೋ ತಣ್ಣಗಿನ ಮನುಷ್ಯ. "ನೀನು ನನ್ನ ಮದುವೆ ಆದ ದಿನ ಕನ್ನಡಕ ಮರೆತು ಬಂದಿದ್ದೆ ಅನ್ಸುತ್ತೆ ಕಣೆ. ಇಲ್ದಿದ್ರೆ ಅವತ್ತೇ ರಿಜೆಕ್ಟ್ ಮಾಡಿರ್ತಿದ್ದೆ," ಎನ್ನುತ್ತಿದ್ದ. ನಗುವ ಮಾತೇ, ಆದರೆ ಅವಳು ನಗುತ್ತಿರಲಿಲ್ಲ. ತಾನು ಮನೆಯವರಿಗೆ ಬೇಡವಾದ ಬಾಯಿ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲಾಗುತ್ತಿರಲಿಲ್ಲ. ಸಂಜೆಯಾದರೆ ಹುಬ್ಬುಗಳ ನಡುವೆ ಮೊಳೆ ಹೊಡೆದಂಥ ತಲೆನೋವು ಬೇರೆ.

ಅದೇ ಮನೆಯ ಹಿಂದಿನ ಕೋಣೆಯಲ್ಲಿ ನಾದಿನಿ ಇದ್ದಳು. ಗಂಡ ಬಿಟ್ಟು ಹೋದ ಮೇಲೆ ಅಣ್ಣನ ಮನೆಗೆ ಬಂದವಳು. ಅವಳನ್ನು ಕಾರ್ಖಾನೆಗೆ ಸೇರಿಸಿದವಳೂ ಕೊಕ್ಕೆ ಅಕ್ಕನೇ, ಕೈ ಹಿಡಿದು ಗೀಟು ಕಲಿಸಿದವಳೂ ಅವಳೇ. ನಾದಿನಿ ಐದನೇ ನಂಬರ್. ಹರಟೆಮಲ್ಲಿ. ಕೈ ಗೀಟು ಎಳೆಯುತ್ತಿದ್ದರೆ ಬಾಯಿ ಊರು ಸುತ್ತುತ್ತಿತ್ತು. ಹಾಗಾಗಿ ದಿನಕ್ಕೆ ಎರಡೋ ಮೂರೋ ಕೆಟ್ಟ ಪೆನ್ನು ಅವಳ ಟ್ರೇ ಸೇರುವುದು ಮಾಮೂಲು. ಊಟಕ್ಕೆ ಏಳುವ ಮುಂಚೆ, ಮತ್ತೆ ಸಂಜೆ ಹೊರಡುವ ಮುಂಚೆ ಕೊಕ್ಕೆ ಅಕ್ಕ ಆ ಟ್ರೇಯನ್ನು ಹತ್ತಿರಕ್ಕೆಳೆದು, ಹಾಳೆಯ ಮೇಲೊಮ್ಮೆ ಕಣ್ಣು ಹಾಯಿಸಿ, ಬಿಟ್ಟ ಪೆನ್ನುಗಳನ್ನು ಹೆಕ್ಕಿ ತೆಗೆದು ಡಬ್ಬಕ್ಕೆ ಹಾಕುತ್ತಿದ್ದಳು. ಬೈಯುತ್ತಲೇ ಹಾಕುತ್ತಿದ್ದಳು. ಹತ್ತು ವರ್ಷ ಹೀಗೆ ನಡೆದಿತ್ತು, ಅವರಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಸೋಮವಾರ ಸೂಪರ್‌ವೈಸರ್ ಆರು ಜನರನ್ನೂ ನಿಲ್ಲಿಸಿ ಮಾತಾಡಿದ. ಕೊಕ್ಕೆ ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವನು. ಗೀಟು ಎಳೆಯುವ ಯಂತ್ರ ಬರುತ್ತಿದೆ, ಒಂದು ಸಲಕ್ಕೆ ಹನ್ನೆರಡು ಪೆನ್ನು ನೋಡುತ್ತದೆ. ಯಂತ್ರಕ್ಕೆ ಅನುಮಾನ ಬಂದ ಪೆನ್ನುಗಳನ್ನು ನೋಡಲು ಮಾತ್ರ ಒಂದು ಕೈ ಬೇಕು. ಒಂದೇ ಕೈ.

"ಯಾರದು ಅಂತ ನಾನು ಹೇಳಲ್ಲ. ಹಾಳೆ ಹೇಳುತ್ತೆ. ಮುಂದಿನ ಮೂರು ತಿಂಗಳಲ್ಲಿ ಯಾರ ಕೈಯಿಂದ ಕಡಿಮೆ ಕೆಟ್ಟ ಪೆನ್ನು ಹೊರಗೆ ಹೋಗುತ್ತೋ ಅವರಿಗೆ ಆ ಕುರ್ಚಿ," ಎಂದ.

ಐದು ಜನ ಒಟ್ಟಿಗೆ ಕೊಕ್ಕೆ ಅಕ್ಕನ ಮುಖ ನೋಡಿದರು. ಆಟ ಶುರುವಾಗುವ ಮುಂಚೆಯೇ ಮುಗಿದಿತ್ತು. ಅವಳು ನೆಲ ನೋಡುತ್ತ ನಿಂತಳು, ಆದರೆ ಒಳಗೊಳಗೇ ಹಿಗ್ಗಿದಳು. ಸಂಬಳಕ್ಕಿಂತ ಹೆಚ್ಚಾಗಿ ಅವಳಿಗೆ ಆ ಕುರ್ಚಿಯೇ ಬೇಕಿತ್ತು. ಅವಳ ಕೊಕ್ಕೆಗೆ ಮರ್ಯಾದೆ ಇದ್ದದ್ದು ಈ ಲೋಕದಲ್ಲಿ ಅದೊಂದೇ ಜಾಗದಲ್ಲಿ. ಅದನ್ನೂ ಕಳೆದುಕೊಂಡರೆ ಅವಳು ಬರೀ ಬಾಯಿಬಡುಕಿ.

ಕೆಲಸ ಹೋಗುವ ಸುದ್ದಿ ಕೊಟ್ಟ ಮೇಲೆ ಜನರ ಮನಸ್ಸು ಹಗುರ ಮಾಡಬೇಕು ಎಂದು ಆಫೀಸಿನ ಯಾರೋ ಪುಣ್ಯಾತ್ಮರಿಗೆ ಹೊಳೆಯಿತು. ಪ್ರತಿ ಬುಧವಾರ ಊಟದ ನಂತರ ಮುಕ್ಕಾಲು ಗಂಟೆ ಚಿತ್ರದ ಕ್ಲಾಸು. ದಿನವಿಡೀ ಗೀಟು ಎಳೆಯುವವರಿಗೆ ವಿಶ್ರಾಂತಿಗೆಂದು ಗೀಟು ಎಳೆಯುವ ಕ್ಲಾಸು ಇಡುವುದಕ್ಕೆ ಎಂಥಾ ತಲೆ ಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಲಿಸಲು ಬಂದಾಕೆ ಒಳ್ಳೆಯವಳೇ. ಮೆಲುದನಿ, ಹತ್ತಿಯ ಉಡುಪು, ಮಾತು ಮಾತಿಗೂ "ಉಸಿರು ತಗೊಳ್ಳಿ" ಎನ್ನುವಳು. ಎರಡನೇ ಬುಧವಾರಕ್ಕೆಲ್ಲ ಅವಳಿಗೆ ಉಸಿರು ಮೇಡಂ ಎಂದು ಹೆಸರು ಬಿದ್ದಿತ್ತು.

"ಪೆನ್ನನ್ನ ಹಾಳೆ ಮೇಲಿಡಿ. ಕಣ್ಣು ಅರ್ಧ ಮುಚ್ಚಿ. ಗೀಟನ್ನ ನೀವು ಎಳೀಬೇಡಿ, ಅದನ್ನ ಹರಿಯೋಕೆ ಬಿಡಿ. ಎಲ್ಲಿಗೆ ಹೋಗುತ್ತೋ ಹೋಗಲಿ," ಎಂದಳು ಉಸಿರು ಮೇಡಂ.

ನಾದಿನಿ ಕಣ್ಣು ಪೂರ್ತಿ ಮುಚ್ಚಿ, ತಲೆಯನ್ನು ಮೇಜಿನ ಮೇಲಿಟ್ಟು ಸೊಗಸಾಗಿ ನಿದ್ದೆ ಹೋದಳು. ಕೊಕ್ಕೆ ಅಕ್ಕ ಪೆನ್ನು ಇಟ್ಟಳು. ಕೈ ಹೊರಟಿತು. ಗೇಣುದ್ದ ನೇರ ಗೀಟು, ಒಂದು ಅಲೆ, ಮೂರು ಸುರುಳಿ, ಒಂದು ಎಂಟು. ಮತ್ತೆ ಪೆನ್ನು ಇಟ್ಟಳು. ಮತ್ತೆ ಅದೇ. ಮೇಡಂ ಬಂದು ಹೆಗಲ ಹಿಂದೆ ನಿಂತಾಗ ಹಾಳೆಯ ಮೇಲೆ ಅಂಥವು ಹದಿನೈದು ಸಾಲುಗಳಿದ್ದವು.

"ಇದು ಕೆಲಸ ಅಲ್ಲಮ್ಮ. ಇದು ನಿಮ್ಮದು," ಎಂದಳು ಮೇಡಂ.

"ಮೇಡಂ, ಈ ಪೆನ್ನು ಬಿಡ್ತಿದೆ," ಎಂದಳು ಇವಳು. ಪೆನ್ನನ್ನು ತಿರುಗಿಸಿ ತೋರಿಸಿದಳು. ಹಿಂತುದಿಯಲ್ಲಿ ಕೆಂಪು ಚುಕ್ಕೆ. ಚುಕ್ಕೆ ಇಟ್ಟ ರೀತಿ ನೋಡಿದರೆ ಇವಳದೇ ಕೈ. ಕ್ಲಾಸಿಗೆ ಹೊಸ ಪೆನ್ನು ಯಾಕೆ ದಂಡ ಎಂದು ಆಫೀಸಿನವರು ತಗಡಿನ ಡಬ್ಬವನ್ನೇ ಎತ್ತಿ ಕಳಿಸಿದ್ದರು.

ಮೇಡಂಗೆ ಆ ಚುಕ್ಕೆಯ ಅರ್ಥ ತಿಳಿಯಲಿಲ್ಲ. ಹಾಳೆಯ ಮೇಲೆ ಶಾಯಿ ಬಿಟ್ಟ ಜಾಗವನ್ನು ಬೆರಳಿನಿಂದ ಸವರಿ, "ಬಿಡಲಿ ಬಿಡಿ. ಇಲ್ಲಿ ತಪ್ಪು ಅನ್ನೋದೇ ಇಲ್ಲ. ಗೀಟು ಎಲ್ಲಿ ಬಿಡುತ್ತೋ ಅಲ್ಲಿ ಅದು ಉಸಿರು ತಗೊಳ್ತಿದೆ ಅಂದ್ಕೊಳ್ಳಿ. ಹಿಂದಕ್ಕೆ ಹೋಗಿ ಮುಚ್ಚಬೇಡಿ. ಮುಂದಕ್ಕೆ ಹೋಗಿ," ಎಂದಳು.

ಕೊಕ್ಕೆ ಅಕ್ಕನಿಗೆ ಸಿಟ್ಟು ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ನಾದಿನಿಯ ಹತ್ತಿರ ಗೊಣಗಿದ್ದೇ ಗೊಣಗಿದ್ದು. "ಕೆಟ್ಟ ಪೆನ್ನು ಕೊಟ್ಟು ಉಸಿರಂತೆ! ಹಾಗಾದ್ರೆ ನನ್ನ ಇಪ್ಪತ್ತೆರಡು ವರ್ಷದ ಡಬ್ಬದಲ್ಲಿ ಎಷ್ಟು ಉಸಿರಿದೆ ಅಂತ ಎಣಿಸ್ಲಿ ಅವಳು."

"ನೀವೂ ನನ್ನ ಥರ ಮಲಗಿಬಿಡಿ ಅತ್ತಿಗೆ. ಮುಕ್ಕಾಲು ಗಂಟೆ ಬಿಟ್ಟಿ ನಿದ್ದೆ," ಎಂದಳು ನಾದಿನಿ.

ಮಲಗುವ ಜಾಯಮಾನ ಅವಳದಲ್ಲ. ಹೇಳಿಕೊಟ್ಟದ್ದನ್ನು ಸರಿಯಾಗಿ ಕಲಿಯದೆ ಬಿಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಮೂರನೇ ಬುಧವಾರ ಕೈ ನೇರ ಗೀಟನ್ನು ಬಿಟ್ಟು ಸ್ವಲ್ಪ ಬಾಗಿತು. ನಾಲ್ಕನೆಯದಕ್ಕೆ ಸುರುಳಿಯ ಲೆಕ್ಕ ತಪ್ಪಿತು. ಐದನೇ ಬುಧವಾರ ಮೇಡಂ ದೊಡ್ಡ ಹಾಳೆ ಕೊಟ್ಟಳು. ಕೊಕ್ಕೆ ಅಕ್ಕ ಎಡಗಡೆಯ ತುದಿಯಲ್ಲಿ ಪೆನ್ನು ಇಟ್ಟಳು. ಗೀಟು ಮೆಲ್ಲಗೆ ಮೇಲೆ ಹೋಯಿತು, ಮನಸ್ಸು ಬದಲಾಯಿಸಿದಂತೆ ಕೆಳಗಿಳಿಯಿತು, ತನ್ನನ್ನೇ ಸುತ್ತಿಕೊಂಡು ಅಗಲವಾಯಿತು, ಸಣ್ಣದಾಯಿತು, ಹಾಳೆಯ ಅಂಚಿನವರೆಗೂ ಹೋಗಿ ಅಂಚನ್ನು ಮುಟ್ಟದೆ ತಿರುಗಿತು. ನಾಲ್ಕು ಕಡೆ ಪೆನ್ನು ಬಿಟ್ಟಿತು. ಮೊದಲನೇ ಸಲ ಅವಳ ಕೈ ತಡೆಯಿತು. ಎರಡನೇ ಸಲ ಬರೀ ಕಣ್ಣು ತಡೆಯಿತು. ಮೂರನೆಯದು, ನಾಲ್ಕನೆಯದು ಬಂದಾಗ ಅವಳು ಉಸಿರು ತಗೊಂಡು ಮುಂದಕ್ಕೆ ಹೋದಳು.

ಮುಗಿದಾಗ ಹುಬ್ಬುಗಳ ನಡುವಿನ ಮೊಳೆ ಇರಲಿಲ್ಲ. ಯಾವಾಗ ಹೋಯಿತೋ ತಿಳಿಯಲಿಲ್ಲ. ಅಳು ಬಂತು, ಯಾಕೆಂದು ಅದೂ ತಿಳಿಯಲಿಲ್ಲ.

ಮೇಡಂ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದನ್ನ ನಾನು ಇಟ್ಕೊಳ್ಳಲಾ? ಆಫೀಸಿನವರಿಗೆ ತೋರಿಸ್ತೀನಿ," ಎಂದು ಕೇಳಿದಳು. ತಾನು ಎಳೆದ ಗೀಟನ್ನು ಒಬ್ಬರು ಬೇಡಿ ಪಡೆದದ್ದು ಅದೇ ಮೊದಲು. ಕೊಕ್ಕೆ ಅಕ್ಕ ಮೊದಲ ಬಹುಮಾನ ಬಂದ ಹುಡುಗಿಯ ಹಾಗೆ ತಲೆಯಾಡಿಸಿದಳು.

ಅಲ್ಲಿಂದ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಗಂಡ ಒಗೆದ ಸೀರೆಯನ್ನು ಓರೆಯಾಗಿ ಹರವಿದ. ಅವಳು ನೋಡಿದಳು, ಉಸಿರು ತಗೊಂಡಳು, ಒಳಗೆ ಹೋದಳು. ಹಾಲು ಉಕ್ಕಿಸಿದ. ಒರೆಸಿ ಸುಮ್ಮನಾದಳು. ಮೂರನೇ ದಿನಕ್ಕೆ ಅವನಿಗೆ ಹೆದರಿಕೆಯಾಯಿತು.

"ಲೇ, ಹುಷಾರಾಗಿದ್ದೀಯಾ? ಬೆಳಗ್ಗೆಯಿಂದ ಒಂದು ಮಾತೂ ಅನ್ಲಿಲ್ಲ."

"ಏನೂ ಇಲ್ಲ ರೀ. ಓರೆ ಇದ್ರೂ ಬಟ್ಟೆ ಒಣಗುತ್ತಲ್ಲ," ಎಂದಳು.

ಅವನು ಅವತ್ತು ಸಂಜೆ ಅಂಗಡಿಯಿಂದ ಬೇಗ ಬಂದ. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು, ರಸ್ತೆಯಲ್ಲಿ ಹೋಗಿಬರುವವರನ್ನು ನೋಡುತ್ತ ಸುಮ್ಮನೆ ಕಾಲ ಕಳೆದರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಹಾಗೆ ಕೂತದ್ದು ಎಷ್ಟು ಸಲ ಎಂದು ಇಬ್ಬರಿಗೂ ನೆನಪಾಗಲಿಲ್ಲ. ಆ ಆರೇಳು ವಾರ ಅವಳು ನಿಜವಾಗಿಯೂ ಸುಖವಾಗಿದ್ದಳು. ಇದನ್ನು ನಾನು ಒತ್ತಿ ಹೇಳಬೇಕು. ಉಸಿರು ಮೇಡಂ ಹೇಳಿಕೊಟ್ಟದ್ದು ಪೊಳ್ಳಾಗಿದ್ದರೆ ಈ ಕಥೆಯಲ್ಲಿ ಇಷ್ಟು ಕಹಿ ಇರುತ್ತಿರಲಿಲ್ಲ. ಅದು ಕೆಲಸ ಮಾಡಿತು, ಮಾಡಬಾರದ ಜಾಗದಲ್ಲೂ ಮಾಡಿತು.

ಮೂರು ತಿಂಗಳಿಗೆ ಇನ್ನು ಎಂಟು ದಿನ ಇತ್ತು. ಸೂಪರ್‌ವೈಸರ್ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆಸಿದ. ಕುರ್ಚಿಯ ವಿಷಯ ಈಗಲೇ ಹೇಳಿಬಿಡುತ್ತಾನೇನೋ ಎಂದುಕೊಂಡು ಅವಳು ಕೈ ಒರೆಸಿಕೊಂಡು ಹೋದಳು. ಮೇಜಿನ ಮೇಲೆ ಒಂದು ರಾಶಿ ಪೆನ್ನಿನ ಡಬ್ಬಿಗಳು, ಅಂಗಡಿಗಳಿಂದ ವಾಪಸ್ ಬಂದವು. ಪಕ್ಕದಲ್ಲಿ ಕಪಾಟಿನಿಂದ ತೆಗೆದ ಒಂದು ಹಾಳೆ. ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡ. ಹಾಳೆಯನ್ನು ಅವಳ ಕಡೆ ತಿರುಗಿಸಿದ.

"ಇದು ಯಾರ ಗೀಟು ಅಕ್ಕ?"

ನಂಬರ್ ನೋಡುವ ಅಗತ್ಯವಿರಲಿಲ್ಲ. ನಲವತ್ತು ಸಾಲು. ಸುರುಳಿಗಳು ದುಂಡಗೆ, ನಿಧಾನವಾಗಿ, ಒಂದರ ಹಿಂದೊಂದು ಹರಿದು ಹೋಗಿದ್ದವು. ಅಷ್ಟು ಚೆಂದದ ಹಾಳೆಯನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಎಳೆದಿರಲಿಲ್ಲ. ಅದರಲ್ಲಿ ಹದಿನಾಲ್ಕು ಸಾಲುಗಳಲ್ಲಿ ಶಾಯಿ ಬಿಟ್ಟಿತ್ತು, ಆ ಹದಿನಾಲ್ಕು ಪೆನ್ನೂ ಕೆಂಪು ಚುಕ್ಕೆ ಇಲ್ಲದೆ ಟ್ರೇಗೆ ಹೋಗಿದ್ದವು. ಸಾಸಿವೆಯಷ್ಟಲ್ಲ, ಕಡಲೆಕಾಳಿನಷ್ಟು. ಕುರುಡರಿಗೂ ಕಾಣುವಷ್ಟು. ಬಿಟ್ಟ ಪ್ರತಿಯೊಂದು ಕಡೆಯೂ ಗೀಟು ಹಿಂದಕ್ಕೆ ಬಂದಿರಲಿಲ್ಲ. ಮುಂದಕ್ಕೆ ಹೋಗಿತ್ತು.

ಆ ದಿನ ನೆನಪಿಗೆ ಬಂತು. ಜ್ವರವಿರಲಿಲ್ಲ, ಹಲ್ಲುನೋವಿರಲಿಲ್ಲ, ಯಾರೂ ಸತ್ತಿರಲಿಲ್ಲ. ತಲೆ ಹಗುರವಾಗಿತ್ತು, ಕೈ ಹರಿಯುತ್ತಿತ್ತು. ಬಿಟ್ಟದ್ದು ಅವಳ ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದನ್ನು ಮನಸ್ಸು ಉಸಿರು ಎಂದು ಕರೆದಿತ್ತು.

"ಒಂದು ಹಾಳೆ ಅಲ್ಲ ಅಕ್ಕ. ಇಂಥವು ಆರಿವೆ," ಎಂದ ಸೂಪರ್‌ವೈಸರ್. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಿತ್ತು. "ನಿಮ್ಮಿಂದ ಇದನ್ನ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

"ನೀವೇ ಕಲಿಸಿದ್ದು," ಎಂದಳು ಅವಳು. "ನಾನು ಕೆಂಪು ಚುಕ್ಕೆ ಇಟ್ಟ ಪೆನ್ನನ್ನೇ ನನ್ನ ಕೈಗೆ ವಾಪಸ್ ಕೊಟ್ಟು, ಬಿಟ್ರೆ ತಪ್ಪಲ್ಲ, ಮುಂದೆ ಹೋಗಿ ಅಂತ ಹನ್ನೊಂದು ವಾರ ಹೇಳಿಸಿದ್ರಿ. ಕಲಿತೆ."

"ಕ್ಲಾಸು ಬೇರೆ, ಕೆಲಸ ಬೇರೆ ಅಲ್ವಾ ಅಕ್ಕ? ಅಷ್ಟು ಗೊತ್ತಾಗಲ್ವಾ? ಉಳಿದ ಐದು ಜನಾನೂ ಅದೇ ಕ್ಲಾಸಲ್ಲಿ ಇದ್ರು. ಅವರಿಗ್ಯಾರಿಗೂ ಹೀಗಾಗಿಲ್ಲ."

ಅವರಿಗೆ ಹೇಗಾಗುತ್ತದೆ? ನಾಲ್ವರು ಮೊಬೈಲ್ ನೋಡುತ್ತಿದ್ದರು, ಒಬ್ಬಳು ನಿದ್ದೆ ಹೊಡೆಯುತ್ತಿದ್ದಳು. ಕಲಿಯಲು ಹೋದವಳು ಇವಳೊಬ್ಬಳೇ. ಈ ಮಾತು ನಾಲಿಗೆಯ ತುದಿಗೆ ಬಂತು. ನಿದ್ದೆ ಹೊಡೆದವಳು ತನ್ನ ಮನೆಯವಳೇ ಎಂದು ನೆನಪಾಗಿ ಅವಳು ತುಟಿ ಬಿಗಿದಳು.

ಕುರ್ಚಿ ಐದನೇ ನಂಬರಿಗೆ ಹೋಯಿತು. ಮೂರು ತಿಂಗಳಲ್ಲಿ ನಾದಿನಿಯ ಕೈಯಿಂದ ಹೊರಗೆ ಹೋದ ಕೆಟ್ಟ ಪೆನ್ನು ಒಂದೂ ಇರಲಿಲ್ಲ. ಹೇಗಿರುತ್ತದೆ, ಆ ಟ್ರೇಯನ್ನು ಎರಡು ಹೊತ್ತೂ ಕೊಕ್ಕೆ ಅಕ್ಕ ಇನ್ನೂ ಎಳೆದುಕೊಂಡು ನೋಡುತ್ತಲೇ ಇದ್ದಳು. ಬೇರೆಯವರ ಹಾಳೆಯ ಮೇಲೆ ಅವಳ ಕಣ್ಣು ಹಳೆಯ ಕಣ್ಣೇ. ಉಸಿರು ಎಂದು ಬಿಟ್ಟುಕೊಟ್ಟದ್ದು ತನ್ನ ಗೀಟನ್ನು ಮಾತ್ರ.

ಬಸ್ಸಿನಲ್ಲಿ ನಾದಿನಿ ಅತ್ತಳು. "ನಾನು ಬೇಡ ಅಂತ ಹೇಳಿಬಿಡ್ತೀನಿ ಅತ್ತಿಗೆ. ನಿಮ್ಮ ಕೈ ಇಲ್ದೆ ನನಗೇನು ಬರುತ್ತೆ? ಅವರಿಗೆ ನಿಜ ಹೇಳ್ತೀನಿ."

"ಹೇಳಿದ್ರೆ ಇಬ್ಬರದೂ ಹೋಗುತ್ತೆ. ಬಾಯಿ ಮುಚ್ಚಿಕೊಂಡು ಕೂತ್ಕೋ. ಎಡಕ್ಕೆ ತಿರುಗುವಾಗ ನೋಡು, ಅಲ್ಲೇ ಬಿಡೋದು," ಎಂದಳು ಅತ್ತಿಗೆ. ಹೊಟ್ಟೆ ಉರಿಯುತ್ತಿತ್ತು. ನಾದಿನಿಯ ಮೇಲೆ ಅಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಪೂರ್ತಿ ನಿಜವಲ್ಲ ಅದು.

ಕೊನೆಯ ದಿನ ಉಳಿದ ನಾಲ್ವರ ಜೊತೆ ಅವಳೂ ಕೆಲಸ ಬಿಡುವ ಕಾಗದಕ್ಕೆ ಸಹಿ ಹಾಕಿದಳು. ಸಹಿ ಹಾಕಲು ಕೊಟ್ಟ ಪೆನ್ನು ಎಲ್ಲೂ ಬಿಡಲಿಲ್ಲ. ಮನೆಯಲ್ಲಿ ತಲೆನೋವು ಹಳೆಯ ಜಾಗಕ್ಕೇ ಬಂದು ಕೂತಿತು. ಚಿಲಕ ಅರ್ಧ, ಅಂಚು ಓರೆ, ಮಾತು ಅರ್ಧ, ಎಲ್ಲವೂ ಮತ್ತೆ ಕಣ್ಣಿಗೆ ಹೊಡೆಯತೊಡಗಿದವು. ಈಗ ಅವಕ್ಕೆ ದಿನವಿಡೀ ಸಮಯವಿತ್ತು. ಗಂಡ ಅಂಗಡಿಯಿಂದ ತಡವಾಗಿ ಬರುವುದನ್ನು ರೂಢಿ ಮಾಡಿಕೊಂಡ. ಒಮ್ಮೆ, "ಆ ಕ್ಲಾಸಿನಲ್ಲಿ ಎಳೀತಿದ್ದೆಯಲ್ಲ, ಮನೇಲೂ ಎಳಿ. ಹಾಳೆ ತಂದ್ಕೊಡ್ಲಾ?" ಎಂದು ಕೇಳಿದ. ಅವಳು ಅವನನ್ನು ನೋಡಿದ ನೋಟಕ್ಕೆ ಮತ್ತೆ ಆ ಮಾತೆತ್ತಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಸಂಜೆ ನಾದಿನಿ ಕೆಲಸದಿಂದ ಬಂದವಳೇ ಚೀಲದಿಂದ ಒಂದು ಪೆನ್ನಿನ ಡಬ್ಬಿ ತೆಗೆದು ಅತ್ತಿಗೆಯ ಮಡಿಲಿಗೆ ಹಾಕಿದಳು. ಮುಖ ಅರಳಿತ್ತು.

"ನೋಡಿ ಅತ್ತಿಗೆ, ಹೊಸ ಡಬ್ಬಿ! ಗುರುತು ಸಿಕ್ತಾ? ನಿಮ್ಮದೇ. ಮೇಡಂ ಕೊಟ್ಟ ಹಾಳೇನ ದೊಡ್ಡ ಸಾಹೇಬರು ನೋಡಿ ಇಷ್ಟಪಟ್ಟು ಹಾಕಿಸಿದ್ದಂತೆ. ಇನ್ಮೇಲೆ ಎಲ್ಲಾ ಅಂಗಡೀಲೂ ಇದೇ."

ಡಬ್ಬಿಯ ಮುಚ್ಚಳದ ತುಂಬ ನೀಲಿ ಗೀಟು. ಮೆಲ್ಲಗೆ ಮೇಲೆ ಹೋಗಿ, ಮನಸ್ಸು ಬದಲಾಯಿಸಿ ಕೆಳಗಿಳಿದು, ಅಂಚನ್ನು ಮುಟ್ಟದೆ ತಿರುಗಿದ ಗೀಟು. ಕೆಳಗೆ ಚಿನ್ನದ ಅಕ್ಷರದಲ್ಲಿ, ಎಲ್ಲೂ ನಿಲ್ಲದ ಬರವಣಿಗೆ ಎಂದು ಬರೆದಿತ್ತು. ಎಳೆದವರ ನಂಬರ್ ಇರಲಿಲ್ಲ.

ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಎಡಗಡೆಯಿಂದ ಬೆರಳು ಇಟ್ಟುಕೊಂಡು ಬಂದಳು. ಮೊದಲನೇ ತಿರುವಿನಲ್ಲಿ ಬೆರಳು ನಿಂತಿತು. ಅಲ್ಲಿ ಶಾಯಿ ಇತ್ತು. ಎರಡನೇ ಕಡೆಯೂ ಇತ್ತು. ಮೂರು, ನಾಲ್ಕು. ಪೆನ್ನು ಬಿಟ್ಟಿದ್ದ ನಾಲ್ಕೂ ಜಾಗವನ್ನು ಯಾರೋ ನೀಟಾಗಿ ತುಂಬಿಸಿದ್ದರು. ಒಂದು ಕೂದಲೆಳೆಯೂ ಉಳಿಸದೆ.

ನಾದಿನಿ ಕಾಯುತ್ತ ನಿಂತಿದ್ದಳು, ಅತ್ತಿಗೆ ಏನಾದರೂ ಅನ್ನಲಿ ಎಂದು. ಕೊಕ್ಕೆ ಅಕ್ಕ ಎದ್ದು ಹೊಲಿಗೆಯ ಡಬ್ಬಿಯಿಂದ ಒಂದು ದಪ್ಪ ಸೂಜಿ ತಂದು ಕಿಟಕಿಯ ಬಳಿ ಕೂತಳು. ಮೊದಲನೇ ಜಾಗದ ನೀಲಿಯನ್ನು ಸೂಜಿಯ ಮೊನೆಯಿಂದ ಕೆರೆದಳು. ಕಡಲೆಕಾಳಿನಷ್ಟು ಬಿಳಿ ಕಾಗದ ಕಾಣಿಸಿತು. ಎರಡನೆಯದಕ್ಕೆ ಹೋದಳು.

"ಏನು ಮಾಡ್ತಿದೀರಾ ಅತ್ತಿಗೆ! ಹೊಸದು ಅದು!"

"ಇಲ್ಲಿ ಬಿಟ್ಟಿತ್ತು ಕಣೆ. ನನಗೆ ಗೊತ್ತು." ಮೂರನೆಯದನ್ನು ಕೆರೆದು, ಪುಡಿಯನ್ನು ಉಫ್ ಎಂದು ಊದಿದಳು.

ನಾದಿನಿ ಬಾಗಿ ನೋಡಿದಳು. ಈ ನಾಲ್ಕು ತಿಂಗಳಲ್ಲಿ ಅವಳ ಕಣ್ಣೂ ಸ್ವಲ್ಪ ಚುರುಕಾಗಿತ್ತು. "ಹೀಗಾದ್ರೆ ಇದನ್ನ ಯಾರೂ ಪಾಸ್ ಮಾಡಲ್ಲ ಅತ್ತಿಗೆ," ಎಂದಳು, ಮೆಲ್ಲಗೆ.

"ಗೊತ್ತು," ಎಂದು ಕೊಕ್ಕೆ ಅಕ್ಕ ನಾಲ್ಕನೇ ಜಾಗಕ್ಕೆ ಸೂಜಿ ಇಟ್ಟಳು.